ಖಾಲಿ ಹೊಟ್ಟೇಲಿ ವ್ಯಾಯಾಮ: ತಿಂದು ಹೋಗ್ಬೇಕಾ, ಹಾಗೇ ಹೋಗ್ಬೇಕಾ?

ಬೆಳಗ್ಗೆ ಐದೂವರೆಗೆ ಎದ್ದು ಶೂ ಹಾಕ್ಕೊಳ್ಳೋವಾಗ ನಮ್ಮನೇಲಿ ಅಮ್ಮ ಅಡುಗೆಮನೆಯಿಂದಾನೇ ಕೂಗ್ತಿದ್ರು, "ಏನಾದ್ರೂ ಬಾಯಿಗೆ ಹಾಕ್ಕೊಂಡು ಹೋಗೋ, ತಲೆ ಸುತ್ತತ್ತೆ" ಅಂತ. ಪಾರ್ಕಿಗೆ ಹೋದ್ರೆ ಅಲ್ಲಿ ಜೊತೆಗೆ ಓಡೋರು "ತಿಂದ್ಬಿಟ್ರೆ ಕೊಬ್ಬು ಕರಗಲ್ಲ ಗುರು, ಖಾಲಿ ಹೊಟ್ಟೇಲೇ ಓಡ್ಬೇಕು" ಅನ್ನೋರು. ನಾನು ಎರಡೂ ಥರ ಮಾಡಿ ನೋಡಿದೀನಿ, ಒಂದಿಷ್ಟು ಓದಿದೀನಿ, ಮನೇಲೇ ಒಂದು ಭಯ ಪಡೋ ಘಟನೆ ಆದ್ಮೇಲಂತೂ ಇನ್ನೂ ಜಾಸ್ತಿ ಓದಿದೆ. ಈಗ ಯಾರಾದ್ರೂ ಕೇಳಿದ್ರೆ ನಾನು ತಿರುಗಿಸಿ ಮೂರು ಪ್ರಶ್ನೆ ಕೇಳ್ತೀನಿ: ಎಷ್ಟು ಜೋರಾಗಿ ಮಾಡ್ತೀರ, ಎಷ್ಟು ಹೊತ್ತು ಮಾಡ್ತೀರ, ಶುಗರ್ ಮಾತ್ರೆ ಏನಾದ್ರೂ ತಗೋತೀರಾ? ಈ ಮೂರಕ್ಕೆ ಉತ್ತರ ಗೊತ್ತಾದ್ರೆ ತಿನ್ಬೇಕೋ ಬೇಡ್ವೋ ಅನ್ನೋದನ್ನ ನೀವೇ ನಿರ್ಧಾರ ಮಾಡ್ಬಹುದು, ಅದು ಹೇಗೆ ಅಂತ ಒಂದೊಂದಾಗಿ ಹೇಳ್ತೀನಿ.

ಮೊದ್ಲು, ಬೆಳಗ್ಗೆ ಒಳಗೆ ಏನು ಖಾಲಿಯಾಗಿರತ್ತೆ ಅಂತ ನೋಡೋಣ

ಹೊಟ್ಟೆ ಖಾಲಿ ಅಂದ್ರೆ ಮೈ ಖಾಲಿ ಅಂತಲ್ಲ. ನಾವು ತಿಂದ ಅನ್ನ, ಮುದ್ದೆ, ಚಪಾತಿ ಎಲ್ಲ ಕೊನೆಗೆ ಗ್ಲೂಕೋಸ್ ಆಗತ್ತೆ, ತಕ್ಷಣ ಬೇಡದ್ದನ್ನ ದೇಹ ಗ್ಲೈಕೋಜನ್ ಅನ್ನೋ ರೂಪದಲ್ಲಿ ಎರಡು ಕಡೆ ಕೂಡಿಡತ್ತೆ. ಲಿವರ್‌ನಲ್ಲಿ ಸುಮಾರು 80ರಿಂದ 100 ಗ್ರಾಂ, ಮೈಯಲ್ಲಿರೋ ಎಲ್ಲಾ ಮಸಲ್ ಸೇರಿಸಿದ್ರೆ ಸುಮಾರು 300ರಿಂದ 500 ಗ್ರಾಂ. ರಕ್ತದಲ್ಲಿ ಓಡಾಡ್ತಿರೋದು ಎಷ್ಟು ಗೊತ್ತಾ, ಬರೀ ನಾಲ್ಕೈದು ಗ್ರಾಂ, ಅಂದ್ರೆ ಒಂದು ಟೀ ಚಮಚ ಸಕ್ಕರೆ. ಆ ಒಂದು ಚಮಚ ಕಮ್ಮಿ ಆಗದ ಹಾಗೆ ನೋಡ್ಕೊಳ್ಳೋದು ಲಿವರ್ ಕೆಲಸ, ಯಾಕಂದ್ರೆ ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು, ನೀವು ಮಲಗಿರಿ ಎದ್ದಿರಿ ಅದು ಕೇಳ್ತಾನೇ ಇರತ್ತೆ. ಹಾಗಾಗಿ ರಾತ್ರಿ ಎಂಟೂವರೆಗೆ ಊಟ ಮುಗಿಸಿ ಬೆಳಗ್ಗೆ ಆರಕ್ಕೆ ಎದ್ರೆ ಲಿವರ್ ಸ್ಟಾಕ್ ಅರ್ಧಕ್ಕಿಂತ ಜಾಸ್ತಿ ಖರ್ಚಾಗಿರತ್ತೆ. ಆದ್ರೆ ಕಾಲಿನ ಮಸಲ್‌ನಲ್ಲಿರೋದು ಬಹುಪಾಲು ಹಾಗೇ ಇರತ್ತೆ, ಯಾಕಂದ್ರೆ ರಾತ್ರಿ ಎಲ್ಲ ಕಾಲಿಗೆ ಕೆಲಸಾನೇ ಇರ್ಲಿಲ್ಲ.

ಇನ್ನೊಂದು ವಿಷಯ. ಲಿವರ್ ತನ್ನ ಹತ್ರ ಇರೋದನ್ನ ಇಡೀ ಊರಿಗೆ ಹಂಚತ್ತೆ, ಮಸಲ್ ಮಾತ್ರ ಪಕ್ಕದ ಮನೆಯವರು ಒಂದು ಲೋಟ ಸಕ್ಕರೆ ಕೇಳಿದ್ರೂ ಕೊಡಲ್ಲ. ಗ್ಲೂಕೋಸನ್ನ ರಕ್ತಕ್ಕೆ ಬಿಡೋದಕ್ಕೆ ಬೇಕಾದ ಕಿಣ್ವ ಅದರ ಹತ್ರ ಇಲ್ಲ, ಅಲ್ಲಿಗೆ ಹೋದದ್ದು ಅಲ್ಲೇ ಉರಿಯಬೇಕು. ಇದನ್ನ ಸ್ವೀಡನ್‌ನ ಬರ್ಗ್‌ಸ್ಟ್ರೋಮ್ ಮತ್ತೆ ಹಲ್ಟ್‌ಮನ್ ಅನ್ನೋ ಇಬ್ರು ವಿಜ್ಞಾನಿಗಳು 1966ರಲ್ಲಿ ತಮ್ಮ ಮೇಲೇ ಪ್ರಯೋಗ ಮಾಡಿ ತೋರ್ಸಿದ್ರು: ಒಂದೇ ಸೈಕಲ್‌ನ ಆ ಕಡೆ ಒಬ್ರು ಈ ಕಡೆ ಒಬ್ರು ಕೂತು ಒಂದೊಂದೇ ಕಾಲಲ್ಲಿ ಪೆಡಲ್ ತುಳಿದು ಸುಸ್ತಾಗೋ ತನಕ ಬಿಡ್ಲಿಲ್ಲ, ಆಮೇಲೆ ಸೂಜಿ ಹಾಕಿ ಎರಡೂ ತೊಡೆಯಿಂದ ಮಸಲ್ ಚೂರು ತೆಗೆದು ನೋಡಿದ್ರೆ ತುಳಿದ ಕಾಲಲ್ಲಿ ಗ್ಲೈಕೋಜನ್ ಖಾಲಿ, ಸುಮ್ನೆ ಇದ್ದ ಕಾಲಲ್ಲಿ ಹಾಗೇ ಇದೆ. ಆಮೇಲೆ ಚೆನ್ನಾಗಿ ಕಾರ್ಬ್ಸ್, ಅಂದ್ರೆ ಅನ್ನ, ಚಪಾತಿ, ಸಕ್ಕರೆ ಥರ ಗ್ಲೂಕೋಸ್ ಆಗೋ ಆಹಾರ ತಿಂದಾಗ ತುಳಿದ ಕಾಲು ಇನ್ನೊಂದಕ್ಕಿಂತ ಸುಮಾರು ಎರಡು ಪಟ್ಟು ತುಂಬ್ಕೊಳ್ತು. ಮ್ಯಾರಥಾನ್ ಓಡೋರು ಓಟಕ್ಕೆ ಮುಂಚಿನ ಎರಡು ದಿನ ಅನ್ನ, ಪಾಸ್ತಾ ಜಾಸ್ತಿ ತಿನ್ನೋದು ಶುರುವಾಗಿದ್ದು ಇದೇ ಥರದ ಕೆಲಸಗಳಿಂದ.

ಇನ್ನು ಕೊಬ್ಬು. 60 ಕೆಜಿ ತೂಕದ, ಸಣ್ಣಗಿರೋ ಮನುಷ್ಯನಲ್ಲೂ ಎಂಟೊಂಬತ್ತು ಕೆಜಿ ಕೊಬ್ಬು ಇರತ್ತೆ, ಅದು ಸುಮಾರು 60-70 ಸಾವಿರ ಕ್ಯಾಲರಿ. ಗ್ಲೈಕೋಜನ್ ಎಲ್ಲ ಸೇರಿದ್ರೂ 2 ಸಾವಿರದ ಆಚೀಚೆ ಅಷ್ಟೇ. ಹಾಗಿದ್ರೆ ಕೊಬ್ಬಲ್ಲೇ ಎಲ್ಲ ಕೆಲಸ ಮಾಡ್ಬಹುದಲ್ಲ ಅಂದ್ರೆ, ಆಗಲ್ಲ. ಹಳ್ಳಿ ಮನೇಲಿ ಬಚ್ಚಲ ಹಂಡೆ ಒಲೆ ಹಚ್ಚಿದವರಿಗೆ ಇದು ಬೇಗ ಅರ್ಥ ಆಗತ್ತೆ. ತೆಂಗಿನ ಗರಿ ಹಾಕಿದ್ರೆ ಭಗ್ ಅಂತ ಉರಿಯತ್ತೆ, ತಕ್ಷಣ ಶಾಖ, ಆದ್ರೆ ಬೇಗ ಮುಗಿಯತ್ತೆ. ದಪ್ಪ ಕೊರಡು ನಿಧಾನ, ಗಾಳಿ ಚೆನ್ನಾಗಿ ಬೇಕು, ಒಂದ್ಸಲ ಹತ್ಕೊಂಡ್ರೆ ಗಂಟೆಗಟ್ಟಲೆ ಉರಿಯತ್ತೆ. ಕಾರ್ಬ್ಸ್ ಗರಿ ಇದ್ದ ಹಾಗೆ, ಕೊಬ್ಬು ಕೊರಡು. ಅಷ್ಟೇ ಆಕ್ಸಿಜನ್‌ಗೆ ಕಾರ್ಬ್ಸ್ ಜಾಸ್ತಿ ಶಕ್ತಿ ಕೊಡತ್ತೆ, ಅದಕ್ಕೆ ನೀವು ಏದುಸಿರು ಬಿಡೋ ಹಾಗೆ ಓಡೋವಾಗ ದೇಹ ಕೊಬ್ಬನ್ನ ಪಕ್ಕಕ್ಕಿಟ್ಟು ಗ್ಲೈಕೋಜನ್‌ಗೆ ಕೈ ಹಾಕತ್ತೆ. ಯಾವಾಗ್ಲೂ ಎರಡೂ ಉರೀತಾನೇ ಇರತ್ತೆ, ಪಾಲು ಬದಲಾಗತ್ತೆ ಅಷ್ಟೇ.

ಈಗ ನೀವು ಮಾಡೋದು ಯಾವ ಥರದ್ದು ಅಂತ ಗುರುತಿಸ್ಕೊಳ್ಳಿ

ಇದಕ್ಕೆ ಸ್ಮಾರ್ಟ್ ವಾಚ್ ಬೇಕಾಗಿಲ್ಲ, ಮಾತಾಡಿ ನೋಡಿ ಸಾಕು. ಪಕ್ಕದವರ ಜೊತೆ ಪೂರ್ತಿ ವಾಕ್ಯ ಆರಾಮಾಗಿ ಮಾತಾಡ್ಕೊಂಡು ಹೋಗೋಕೆ ಆಗ್ತಿದೆ ಅಂದ್ರೆ ಅದು ಹಗುರ, ಕೊಬ್ಬಿನ ಪಾಲು ಚೆನ್ನಾಗಿದೆ. ಮೂರ್ನಾಲ್ಕು ಪದಕ್ಕೊಂದ್ಸಲ ಉಸಿರು ತಗೋಬೇಕು ಅಂದ್ರೆ ಮಧ್ಯಮ. ಹೂಂ, ಉಹೂಂ ಬಿಟ್ರೆ ಇನ್ನೇನೂ ಬರ್ತಿಲ್ಲ ಅಂದ್ರೆ ಅದು ಜೋರು, ಅಲ್ಲಿ ಗ್ಲೈಕೋಜನ್ ಇಲ್ದೆ ನಡೆಯಲ್ಲ.

ಹಗುರ ಇದ್ದು ಒಂದು ಗಂಟೆ ಒಳಗೆ ಮುಗಿಯತ್ತೆ ಅಂದ್ರೆ, ವಾಕಿಂಗ್, ನಿಧಾನದ ಜಾಗಿಂಗ್, ಸೈಕಲ್, ಸೂರ್ಯ ನಮಸ್ಕಾರ, ಆರೋಗ್ಯವಾಗಿರೋರು ಖಾಲಿ ಹೊಟ್ಟೇಲಿ ಧಾರಾಳವಾಗಿ ಮಾಡ್ಬಹುದು. ಯೋಗಾಸನಕ್ಕಂತೂ ಹೊಟ್ಟೆ ಖಾಲಿ ಇದ್ರೇನೇ ಚೆನ್ನ, ತಿಂದು ಮುಂದಕ್ಕೆ ಬಗ್ಗಿದ್ರೆ ಏನಾಗತ್ತೆ ಅಂತ ಮಾಡಿದವರಿಗೇ ಗೊತ್ತು, ಮೈಸೂರಿನ ಅಷ್ಟಾಂಗ ಶಾಲೆಗಳಲ್ಲಿ ಬೆಳಕು ಹರಿಯೋ ಮುಂಚೆ ಅಭ್ಯಾಸ ಶುರು ಮಾಡೋರು ಯಾರೂ ತಿಂಡಿ ತಿಂದು ಬರಲ್ಲ. ಒಂದು ಗಂಟೆಯಿಂದ ಒಂದೂವರೆ ಗಂಟೆ ಆಗತ್ತೆ, ಅಥವಾ ನಡುವೆ ಸ್ಪೀಡ್ ಇದೆ, ಅಥವಾ ಜಿಮ್‌ನಲ್ಲಿ ಭಾರದ ಸ್ಕ್ವಾಟ್, ಡೆಡ್‌ಲಿಫ್ಟ್ ದಿನ ಅಂದ್ರೆ ಸ್ವಲ್ಪ ಏನಾದ್ರೂ ಹಾಕ್ಕೊಂಡು ಹೋಗಿ. ಒಂದೂವರೆ ಗಂಟೆ ದಾಟತ್ತೆ ಅಂದ್ರೆ ತಿಂದೂ ಹೋಗ್ಬೇಕು, ಜೇಬಲ್ಲೂ ಇಟ್ಕೋಬೇಕು.

ಲೆಕ್ಕ ಹಾಕಿ ನೋಡಿ. ಓಡೋದಕ್ಕೆ ಕಿಲೋಮೀಟರ್‌ಗೆ ಪ್ರತಿ ಕೆಜಿ ತೂಕಕ್ಕೆ ಹೆಚ್ಚುಕಮ್ಮಿ ಒಂದು ಕ್ಯಾಲರಿ ಬೇಕು. 60 ಕೆಜಿ ಇರೋರು ಬೆಂಗಳೂರಿನ ವರ್ಲ್ಡ್ 10ಕೆ ಅನ್ನೋ ಹತ್ತು ಕಿಲೋಮೀಟರ್ ಓಟ ಓಡಿದ್ರೆ 600 ಕ್ಯಾಲರಿ, ಮಸಲ್‌ನಲ್ಲಿರೋ ಸ್ಟಾಕೇ ಸಾಕು. ಅದೇ 42 ಕಿಲೋಮೀಟರ್ ಆದ್ರೆ 2,500 ದಾಟತ್ತೆ, ಗ್ಲೈಕೋಜನ್ ಅಷ್ಟಿಲ್ಲ, ಅದಕ್ಕೇ ಮ್ಯಾರಥಾನ್‌ನಲ್ಲಿ 30-32 ಕಿಲೋಮೀಟರ್ ಆಸುಪಾಸಲ್ಲಿ ಎಷ್ಟೋ ಜನಕ್ಕೆ ಕಾಲು ಕಿತ್ತಿಡೋಕೆ ಆಗದೆ ಗೋಡೆಗೆ ಗುದ್ದಿದ ಹಾಗಾಗೋದು. 1924ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಮುಗಿಸಿದವರ ರಕ್ತ ತೆಗೆದು ಅಲ್ಲಿನ ವೈದ್ಯರು ನೋಡಿದ್ರು, ಸುಸ್ತಾಗಿ ಬಿಳಿಚ್ಕೊಂಡು ಗೊಂದಲದಲ್ಲಿದ್ದವರ ಶುಗರ್ ತುಂಬಾ ಕೆಳಗಿತ್ತು. ಮುಂದಿನ ವರ್ಷ ಹಿಂದಿನ ದಿನಾನೇ ಕಾರ್ಬ್ಸ್ ಜಾಸ್ತಿ ತಿನ್ಸಿ, ಓಡ್ತಾ ಓಡ್ತಾ ಕ್ಯಾಂಡಿ ಕೊಟ್ರು, ಅವರೆಲ್ಲ ತುಂಬಾ ಚೆನ್ನಾಗಿ ಮುಗಿಸಿದ್ರು. ನೂರು ವರ್ಷದ ಹಿಂದೇನೇ ಗೊತ್ತಾಗಿದ್ದ ವಿಷಯ ಇದು.

ಹಿಂದಿನ ರಾತ್ರಿ ಊಟ

ಬೆಳಗ್ಗೆ ಖಾಲಿ ಹೊಟ್ಟೇಲಿ ಹೋಗೋರಿಗೆ ಇದು ಎಲ್ಲಕ್ಕಿಂತ ಮುಖ್ಯ, ಆದ್ರೆ ಯಾರೂ ಇದರ ಬಗ್ಗೆ ಮಾತೇ ಆಡಲ್ಲ. ಬೆಳಗ್ಗೆ ನಿಮ್ಮ ಕಾಲನ್ನ ಓಡಿಸೋದು ನಿನ್ನೆ ತಿಂದ ಮುದ್ದೆ, ಅನ್ನ ಸಾರು. ತೂಕ ಇಳಿಸ್ಬೇಕು ಅಂತ ರಾತ್ರಿ ಬರೀ ಸೌತೆಕಾಯಿ ತಿಂದು, ಬೆಳಗ್ಗೆ ಏನೂ ತಿನ್ನದೆ, ಜಿಮ್‌ಗೆ ಹೋಗಿ ಒಂದು ಗಂಟೆ ಜಂಪಿಂಗ್ ಮಾಡಿದ್ರೆ ಅದು ಖಾಲಿ ಹೊಟ್ಟೆ ವ್ಯಾಯಾಮ ಅಲ್ಲ, ಅದು ಉಪವಾಸದ ಮೇಲೆ ಶಿಕ್ಷೆ. ಈ ಥರ ವಾರಗಟ್ಟಲೆ ಮಾಡೋ ಹೆಣ್ಣುಮಕ್ಕಳಿಗೆ ಮುಟ್ಟು ಏರುಪೇರಾಗೋದು, ನಿಂತೇ ಹೋಗೋದು ಉಂಟು, ಮೂಳೆಗೂ ಪೆಟ್ಟು. ಹಾಗಾದ್ರೆ ದಯವಿಟ್ಟು ನಿಲ್ಸಿ ಡಾಕ್ಟರ್ ಹತ್ರ ಹೋಗಿ.

ಎದ್ದ ಮೇಲೆ

ಮೊದ್ಲು ನೀರು, ಒಂದೆರಡು ಲೋಟ, ಒಂದೇ ಗುಟುಕಲ್ಲಿ ಬೇಡ. ರಾತ್ರಿ ಪೂರ್ತಿ ಉಸಿರಲ್ಲಿ, ಬೆವರಲ್ಲಿ ನೀರು ಹೋಗಿರತ್ತೆ, ಬೆಳಗ್ಗೆ ಬರೋ ತಲೆಸುತ್ತು ಎಷ್ಟೋ ಸಲ ಹಸಿವಿಂದಲ್ಲ, ನೀರು ಕಮ್ಮಿಯಾಗಿ. ಕಾಫಿ ಕುಡಿಯೋರು ಕುಡೀರಿ, ಕೆಫೀನ್ ಇಂದ ಓಟ ಸುಲಭ ಆಗತ್ತೆ ಅನ್ನೋದು ನಿಜ, ಹೊಟ್ಟೆ ಉರಿ ಇರೋರು ಮಾತ್ರ ಖಾಲಿ ಹೊಟ್ಟೇಲಿ ಸ್ಟ್ರಾಂಗ್ ಡಿಕಾಕ್ಷನ್ ಬಿಡಿ.

ಬಿಸಿನೀರು ಜೇನುತುಪ್ಪ ನಿಂಬೆಹಣ್ಣು ಕುಡಿದು "ನಾನು ಖಾಲಿ ಹೊಟ್ಟೇಲಿ ಬಂದಿದೀನಿ" ಅನ್ನೋರು ತುಂಬಾ ಜನ. ಒಂದು ಟೀ ಚಮಚ ಜೇನಲ್ಲಿ ಐದಾರು ಗ್ರಾಂ ಸಕ್ಕರೆ ಇರತ್ತೆ. ಕುಡೀಬಾರ್ದು ಅಂತ ಹೇಳ್ತಿಲ್ಲ, ಇಷ್ಟ ಇದ್ರೆ ಕುಡೀರಿ, ಆದ್ರೆ ಅದು ಕೊಬ್ಬನ್ನ ಕರಗಿಸಲ್ಲ, ಶುಗರ್ ಇರೋರು ಅದನ್ನ ಸಕ್ಕರೆ ಅಂತಾನೇ ಲೆಕ್ಕ ಹಾಕಿ.

ಸ್ವಲ್ಪ ತಿನ್ಬೇಕು ಅನ್ನೋ ದಿನ ಅರ್ಧ ಪಚ್ಚಬಾಳೆಹಣ್ಣು ಅಥವಾ ಒಂದು ಏಲಕ್ಕಿ ಬಾಳೆ, ಇಲ್ಲಾ ಎರಡು ಖರ್ಜೂರ, ಇಲ್ಲಾ ಒಂದು ಚೂರು ಬೆಲ್ಲ ನೀರು ಸಾಕು, ಹತ್ತು ಹದಿನೈದು ಗ್ರಾಂ ಕಾರ್ಬ್ಸ್ ಅಷ್ಟೇ. ಇದನ್ನ ಹೊರಡೋ ಹತ್ತು ನಿಮಿಷ ಮುಂಚೆ ತಿನ್ನಿ. ಸರಿಯಾಗಿ ತಿಂಡಿ ತಿಂದು ಹೋಗೋದಾದ್ರೆ, ಇಡ್ಲಿ ಆಗ್ಲಿ ಅವಲಕ್ಕಿ ಆಗ್ಲಿ, ಎರಡು ಗಂಟೆ ಮೇಲಾದ್ರೂ ಟೈಮ್ ಕೊಡಿ. ಓಡೋ ಮುಕ್ಕಾಲು ಗಂಟೆ ಮುಂಚೆ ಸಿಹಿ ಜ್ಯೂಸ್ ಕುಡಿದು ಹೋದ್ರೆ ಕೆಲವರಿಗೆ ಉಲ್ಟಾ ಹೊಡೆಯತ್ತೆ: ರಕ್ತದ ಶುಗರ್ ಇಳಿಸೋ ಇನ್ಸುಲಿನ್ ಏರಿರೋ ಹೊತ್ತಿಗೆ ಸರಿಯಾಗಿ ಮಸಲ್ ಕೂಡ ಗ್ಲೂಕೋಸ್ ಎಳ್ಕೊಳ್ಳೋಕೆ ಶುರು ಮಾಡತ್ತೆ, ಮೊದಲ ಹತ್ತು ಹದಿನೈದು ನಿಮಿಷ ಕಾಲು ನಡುಗಿದ ಹಾಗೆ ಅನ್ಸತ್ತೆ. ನನಗೆ ಹೀಗೆ ಆಗ್ತಿತ್ತು, ಕಾರಣ ಗೊತ್ತಾಗೋಕೆ ಒಂದು ವರ್ಷ ಹಿಡೀತು.

ಶುರು ಮಾಡೋದು, ನಿಲ್ಸೋದು

ಮೊದಲ ಹತ್ತು ಹದಿನೈದು ನಿಮಿಷ ಬೇಕಂತಾನೇ ನಿಧಾನ ಹೋಗಿ. ಇನ್ಸುಲಿನ್ ಕಮ್ಮಿ ಇರೋ ಹೊತ್ತಲ್ಲಿ ಕೊಬ್ಬಿನ ಜೀವಕೋಶಗಳಿಂದ ಫ್ಯಾಟಿ ಆಸಿಡ್, ಅಂದ್ರೆ ಒಡೆದ ಕೊಬ್ಬು, ಹೊರಗೆ ಬಂದು, ರಕ್ತದಲ್ಲಿ ಸಾಗಿ, ಮಸಲ್ ಒಳಗೆ ಹೋಗಿ ಉರಿಯೋಕೆ ಸ್ವಲ್ಪ ಸಮಯ ಬೇಕು, ಕೊರಡು ಹತ್ಕೊಳ್ಳೋ ತನಕ ಕಾಯ್ಬೇಕಲ್ಲ ಹಾಗೆ. ಹೊಸದಾಗಿ ಶುರು ಮಾಡೋರು ಮೊದಲ ವಾರ 20-25 ನಿಮಿಷ ಸಾಕು, ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸಿ, ಒಂದೇ ದಿನ ಹತ್ತು ಕಿಲೋಮೀಟರ್ ಖಾಲಿ ಹೊಟ್ಟೇಲಿ ಓಡ್ತೀನಿ ಅಂತ ಹೋಗ್ಬೇಡಿ.

ಒಂದೂವರೆ ಗಂಟೆ ಮೇಲಿನ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ಸ್ ಬೇಕು, ಒಂದು ದೊಡ್ಡ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ ಇರತ್ತೆ, ಅದನ್ನ ಲೆಕ್ಕಕ್ಕಿಟ್ಕೊಳ್ಳಿ. ಅರ್ಧ ಗಂಟೆಯಿಂದಾನೇ ಸ್ವಲ್ಪ ಸ್ವಲ್ಪ ತಿನ್ನೋಕೆ ಶುರು ಮಾಡಿ, ಸುಸ್ತಾದ ಮೇಲೆ ತಿಂದ್ರೆ ತಡ ಆಗಿರತ್ತೆ.

ತಣ್ಣನೆ ಬೆವರು, ಕೈ ನಡುಕ, ಕಣ್ಣು ಮಂಜಾಗೋದು, ಎದೆ ಡವಡವ, ಕಾರಣ ಇಲ್ದೆ ಸಿಟ್ಟು, ಮಾತು ತೊದಲೋದು, ಇದರಲ್ಲಿ ಯಾವುದು ಬಂದ್ರೂ ಅಲ್ಲೇ ನಿಂತು ಕೂತ್ಕೊಳ್ಳಿ. ಇನ್ನೊಂದು ರೌಂಡ್ ಮುಗಿಸಿ ಕೂರ್ತೀನಿ ಅನ್ಬೇಡಿ. ಎದೆ ಹಿಡಿದ ಹಾಗಾದ್ರೆ ಅದನ್ನ ಹಸಿವು, ಗ್ಯಾಸ್ ಅಂತ ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ. ಮುಗಿಸೋವಾಗಲೂ ಸಡನ್ನಾಗಿ ನಿಲ್ಬೇಡಿ, ಐದು ನಿಮಿಷ ನಡೀರಿ, ಇಲ್ಲಾಂದ್ರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತತ್ತೆ.

ಶುಗರ್ ಇರೋರು ಈ ಭಾಗ ಎರಡು ಸಲ ಓದಿ

ಆ ಘಟನೆ ಅಂದ್ನಲ್ಲ, ಅದು ಅಮ್ಮಂದು. ಅಮ್ಮ ಶುಗರ್ ಮಾತ್ರೆ ಬೆಳಗ್ಗೆ ತಿಂಡಿಗೆ ಮುಂಚೆ ತಗೋತಿದ್ರು. ಒಂದಿನ ಆರಕ್ಕೆ ಮಾತ್ರೆ ನುಂಗಿ, ಬಂದು ತಿಂಡಿ ತಿಂದ್ರಾಯ್ತು ಅಂತ ವಾಕಿಂಗ್ ಹೋದೋರು, ಮುಕ್ಕಾಲು ಗಂಟೆ ಆದ್ಮೇಲೆ ಪಾರ್ಕ್ ಬೆಂಚಲ್ಲಿ ಮೈಯೆಲ್ಲ ಬೆವತು ಕೂತಿದ್ರು, ನಾನು ಹೋಗಿ "ಅಮ್ಮಾ ಏನಾಯ್ತಮ್ಮಾ" ಅಂದ್ರೆ ನನ್ನ ಮುಖ ನೋಡಿ ಯಾರು ಅಂತ ಗುರುತೇ ಸಿಗದವರ ಹಾಗೆ ಇದ್ರು. ಪಕ್ಕದಲ್ಲಿ ಎಳನೀರು ಮಾರ್ತಿದ್ದವರು ತಮ್ಮ ಫ್ಲಾಸ್ಕಲ್ಲಿದ್ದ ಸಕ್ಕರೆ ಹಾಕಿದ ಟೀ ಕುಡಿಸಿದ್ರು. ಹತ್ತು ಹದಿನೈದು ನಿಮಿಷದಲ್ಲಿ ಅಮ್ಮ ಅಮ್ಮನಾದ್ರು. ಆಮೇಲೆ ಡಾಕ್ಟರ್ ಹೇಳಿದ್ಮೇಲೆ ಗೊತ್ತಾಗಿದ್ದು, ಆ ಮಾತ್ರೆ ಗ್ಲಿಮೆಪಿರೈಡ್ ಜಾತಿಯದ್ದು, ಊಟ ಇರ್ಲಿ ಬಿಡ್ಲಿ ಇನ್ಸುಲಿನ್ ಹೊರಡಿಸ್ತಾನೇ ಇರತ್ತೆ, ಅದು ಲಿವರ್‌ನ ಬಾಗಿಲು ಹಾಕ್ಸತ್ತೆ, ಇತ್ತ ಕಡೆ ಕಾಲು ಗ್ಲೂಕೋಸ್ ಎಳೀತಾ ಇರತ್ತೆ.

ಹಾಗಾಗಿ ಇನ್ಸುಲಿನ್ ಇಂಜೆಕ್ಷನ್ ತಗೊಳ್ಳೋರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ಥರದ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳದೆ ಖಾಲಿ ಹೊಟ್ಟೇಲಿ ವ್ಯಾಯಾಮ ಮಾಡ್ಬೇಡಿ, ಹಾಗಂತ ಮಾತ್ರೇನ ನೀವೇ ಬಿಡೋದೂ ಬೇಡ. ಮನೇಲಿ ಗ್ಲೂಕೋಮೀಟರ್ ಇದ್ರೆ ಹೊರಡೋ ಮುಂಚೆ ನೋಡಿ, 90ರ ಕೆಳಗಿದ್ರೆ ಮೊದ್ಲು ಕಾರ್ಬ್ಸ್ ತಿನ್ನಿ, 70ರ ಕೆಳಗಿದ್ರೆ ಹೊರಡೋ ಮಾತೇ ಇಲ್ಲ: ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ಚೆಕ್ ಮಾಡಿ, ಏರದಿದ್ರೆ ಇನ್ನೊಂದ್ಸಲ ಕುಡೀರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕ್ಬಾರ್ದು, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಈ ಅಪಾಯ ತುಂಬಾ ಕಮ್ಮಿ. ಕೆಲವರಿಗೆ ಬೆಳಗ್ಗೆ ಖಾಲಿ ಹೊಟ್ಟೇಲಿ ಜೋರಾಗಿ ಮಾಡಿದ್ರೆ ಶುಗರ್ ಇಳಿಯೋ ಬದಲು ಏರತ್ತೆ, ಗಾಬರಿ ಆಗ್ಬೇಡಿ, ಅಡ್ರಿನಲಿನ್ ಮತ್ತೆ ಬೆಳಗಿನ ಕಾರ್ಟಿಸಾಲ್ ಅನ್ನೋ ಹಾರ್ಮೋನ್‌ಗಳು ಸೇರಿ ಲಿವರ್‌ನಿಂದ ಗ್ಲೂಕೋಸ್ ಹೊರಗೆ ಕಳ್ಸಿರತ್ತೆ, ಆದ್ರೆ ಡಾಕ್ಟರಿಗೆ ಹೇಳಿ.

ಅಮ್ಮ ಈಗ ಬೆಳಗ್ಗೆ ವಾಕಿಂಗ್ ಹೋಗಲ್ಲ. ತಿಂಡಿ, ಊಟ ಆದ್ಮೇಲೆ ಹತ್ತು ಹದಿನೈದು ನಿಮಿಷ ಮನೆ ಮುಂದಿನ ರಸ್ತೇಲೇ ನಡೀತಾರೆ. ಊಟ ಆದ್ಮೇಲೆ ಏರೋ ಶುಗರ್ ತಡೆಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಅವರ ಸೆರಗಲ್ಲಿ ಯಾವಾಗ್ಲೂ ಪೆಪ್ಪರ್‌ಮಿಂಟ್ ಗಂಟು ಇರತ್ತೆ.

ಗರ್ಭಿಣಿಯರು, ಬೆಳೆಯೋ ಮಕ್ಕಳು, ಜ್ವರ ಬಿಟ್ಟು ಈಗಷ್ಟೇ ಎದ್ದಿರೋರು, ಊಟ ಬಿಡೋದೇ ಚಟ ಆಗಿ ಕಷ್ಟಪಟ್ಟೋರು, ಇವರಿಗೆಲ್ಲ ನನ್ನ ಉತ್ತರ ಒಂದೇ, ತಿಂದು ಮಾಡಿ.

ಹಾಗಾದ್ರೆ ಕೊಬ್ಬು ಕರಗೋ ವಿಷಯ?

ಖಾಲಿ ಹೊಟ್ಟೇಲಿ ಮಾಡೋವಾಗ ಆ ಒಂದು ಗಂಟೇಲಿ ಕೊಬ್ಬು ಜಾಸ್ತಿ ಉರಿಯತ್ತೆ, ಇದು ನಿಜ. ಆದ್ರೆ ಬೆಳಗ್ಗೆ ಉರಿದಿದ್ದನ್ನ ಮಾತ್ರ ನೋಡಿದ್ರೆ ಆಗಲ್ಲ, ದಿನದ, ವಾರದ ಲೆಕ್ಕ ನೋಡ್ಬೇಕು. 2014ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಅನ್ನೋ ಸಂಶೋಧಕರು 20 ಜನ ಯುವತಿಯರನ್ನ ಎರಡು ಗುಂಪು ಮಾಡಿ, ನಾಲ್ಕು ವಾರ, ವಾರಕ್ಕೆ ಮೂರು ದಿನ ಒಂದೊಂದು ಗಂಟೆ ವ್ಯಾಯಾಮ ಮಾಡ್ಸಿದ್ರು, ಒಂದು ಗುಂಪು ತಿಂದು, ಇನ್ನೊಂದು ತಿನ್ನದೆ, ಇಬ್ರಿಗೂ ದಿನದ ಊಟ ಕಮ್ಮಿ ಕ್ಯಾಲರಿದು. ಎರಡೂ ಗುಂಪಿನ ತೂಕ, ಕೊಬ್ಬು ಇಳೀತು, ಗುಂಪುಗಳ ನಡುವೆ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಬರ್ಲಿಲ್ಲ. ಚಿಕ್ಕ ಪ್ರಯೋಗ, ಕಮ್ಮಿ ದಿನ, ಆದ್ರೂ ನನ್ನ ಅನುಭವಕ್ಕೆ ಇದು ಹೊಂದತ್ತೆ. ಐದು ಕಿಲೋಮೀಟರ್ ನಡೆದ್ರೆ ಖರ್ಚಾಗೋದು ಸುಮಾರು 200-250 ಕ್ಯಾಲರಿ, ವಾಪಸ್ ಬರೋವಾಗ ಗೆಳೆಯರ ಜೊತೆ ದರ್ಶಿನೀಲಿ ಬೆಣ್ಣೆ ಮಸಾಲೆ, ಒಂದು ಕೇಸರಿಬಾತ್ ತಿಂದ್ರೆ ಅದು ದಾಟಿ ಹೋಗಿರತ್ತೆ. ತಿನ್ಬೇಡಿ ಅನ್ನಲ್ಲ, ಗೆಳೆಯರ ಜೊತೆ ತಿನ್ನೋ ದೋಸೆಗೋಸ್ಕರಾನೇ ಎಷ್ಟೋ ಜನ ಬೆಳಗ್ಗೆ ಏಳ್ತಾರೆ, ಅದೂ ದೊಡ್ಡ ವಿಷಯ. ಆದ್ರೆ ಖಾಲಿ ಹೊಟ್ಟೇಲಿ ನಡೆದಿದ್ದಕ್ಕೆ ಎಲ್ಲ ಕರಗಿ ಹೋಗತ್ತೆ ಅಂತ ನಂಬಿ ತಿನ್ಬೇಡಿ.

ಮಸಲ್ ಕರಗಿ ಹೋಗತ್ತೆ ಅಂತ ಹೆದರೋರಿಗೂ ಒಂದು ಮಾತು, ಒಂದು ರಾತ್ರಿ ಉಪವಾಸ, ಒಂದು ಗಂಟೆ ನಡಿಗೆಗೆ ಹಾಗೇನೂ ಆಗಲ್ಲ. ತೂಕ ಎತ್ತೋರು ಮಾತ್ರ ಮುಗಿಸಿ ಒಂದೆರಡು ಗಂಟೆ ಒಳಗೆ ಪ್ರೋಟೀನ್ ಇರೋ ಊಟ ಮಾಡಿ: ಮೂರು ಮೊಟ್ಟೆ ಅಂದ್ರೆ 18 ಗ್ರಾಂ, ಜೊತೆಗೊಂದು ಲೋಟ ಹಾಲು, ಮೊಟ್ಟೆ ತಿನ್ನದೋರು ಪನೀರ್, ಮೊಳಕೆ ಕಾಳಿನ ಉಸಲಿ, ಗಟ್ಟಿ ಮೊಸರು. ಬರೀ ಪೌಡರ್ ಡಬ್ಬಕ್ಕೆ ಸಾವಿರಾರು ರೂಪಾಯಿ ಸುರಿಯೋ ಮುಂಚೆ ದಿನದ ಮೂರೂ ಊಟದಲ್ಲಿ ಕಾಳು, ಬೇಳೆ ಎಷ್ಟಿದೆ ನೋಡ್ಕೊಳ್ಳಿ. ತುಂಬಾ ಬೆವತಿದ್ರೆ ಉಪ್ಪು ಹಾಕಿದ ಮಜ್ಜಿಗೆ ಒಂದು ದೊಡ್ಡ ಲೋಟ.

ಕೊನೇದಾಗಿ ಉಪವಾಸದ ದಿನಗಳು. ಏಕಾದಶಿ, ಶಿವರಾತ್ರಿ ದಿನ ಪೂರ್ತಿ ಏನೂ ತಿನ್ನದೋರು ಮಾರನೇ ದಿನ ಬೆಳಗ್ಗೆ ಲಿವರ್ ಸ್ಟಾಕ್ ತಳ ಕಂಡಿರತ್ತೆ, ಶಿವರಾತ್ರಿಗೆ ಜಾಗರಣೆ ಬೇರೆ, ಆ ದಿನ ಓಟ ಬಿಟ್ಟು ಮೊದ್ಲು ಊಟ ಮಾಡಿ ಮಲಗಿ. ರಂಜಾನ್ ತಿಂಗಳಲ್ಲಿ ಹಗಲು ನೀರೂ ಇರಲ್ಲ, ಹಾಗಾಗಿ ಬಿಸಿಲಲ್ಲಿ ಬೇಡ, ಇಫ್ತಾರ್‌ಗೆ ಅರ್ಧ ಗಂಟೆ ಇರೋವಾಗ ಹಗುರ ನಡಿಗೆ ಮಾಡಿದ್ರೆ ಮುಗಿಸಿದ ತಕ್ಷಣ ನೀರು ಖರ್ಜೂರ ಸಿಗತ್ತೆ, ಜೋರಾದ್ದು ಏನಿದ್ರೂ ಇಫ್ತಾರ್ ಆಗಿ ಒಂದೂವರೆ ಎರಡು ಗಂಟೆ ಬಿಟ್ಟು ಇಟ್ಕೊಳ್ಳಿ.